ರೆಕ್ಕೆಗೆ ಹೊಲಿದ ಬಟ್ಟೆ

ಹೊಸ ಬಟ್ಟೆಯನ್ನು ನೆನೆಸದೆ ನಾನು ಯಾವತ್ತೂ ಕತ್ತರಿ ಹಾಕಿದವಳಲ್ಲ. ಬ್ಲೌಸಿನ ಲೈನಿಂಗ್ ಇರಲಿ, ಸೀರೆಯ ಫಾಲ್ ಇರಲಿ, ಮೊದಲು ಬಕೆಟ್ಟಿನಲ್ಲಿ ಮುಳುಗಬೇಕು, ನೆರಳಿನಲ್ಲಿ ಒಣಗಬೇಕು, ಆಮೇಲೆ ಇಸ್ತ್ರಿಪೆಟ್ಟಿಗೆಯ ಕೆಳಗೆ ಸಿಕ್ಕಿ ಅದರ ಸೊಕ್ಕೆಲ್ಲ ಇಳಿಯಬೇಕು. ಕುಗ್ಗುವುದಿದ್ದರೆ ನಮ್ಮ ಕೈಯಲ್ಲೇ ಕುಗ್ಗಲಿ, ಗಿರಾಕಿಯ ಮೈಮೇಲೆ ಬೇಡ. ಶಿರಾದಲ್ಲಿ ಹೊಲಿಗೆ ಕಲಿತ ಯಾವ ಹೆಂಗಸನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಇಂಥ ಒಳ್ಳೆಯ ಅಭ್ಯಾಸವೇ ನಮ್ಮ ಮನೆಯಲ್ಲಿ ಒಂದು ವಿಮಾನದ ರೆಕ್ಕೆಗಳನ್ನು ಕೆಡಿಸಿತು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ನನ್ನ ಗಂಡ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ವಿಮಾನ ಹಾರಿಸಿದವರಲ್ಲ, ಹಾರಿಸುವವರನ್ನು ಕೂರಿಸಿ, ಬೆಲ್ಟ್ ಬಿಗಿದು, ಏಣಿ ಇಳಿದು ಪಕ್ಕಕ್ಕೆ ನಿಂತವರು. ನಿವೃತ್ತಿಯಾಗಿ ಶಿರಾಕ್ಕೆ ಬಂದ ಮೇಲೂ ಆಕಾಶದಲ್ಲಿ ಸದ್ದಾದರೆ ಅನ್ನದ ತಟ್ಟೆ ಬಿಟ್ಟು ಅಂಗಳಕ್ಕೆ ಓಡುತ್ತಿದ್ದರು. ನಾನು ರೇಗುತ್ತಿದ್ದೆ. "ಎಷ್ಟು ವರ್ಷ ಬೇರೆಯವರಿಗೆ ಬೆಲ್ಟ್ ಕಟ್ಟಿ ಕಳಿಸ್ದೆ ಕಣೇ. ಒಂದ್ಸಲ ನಾನು ಕೂತ್ಕೋಬೇಕು. ನಾನೇ ಕಟ್ಟಿದ್ದರಲ್ಲಿ ಕೂತ್ಕೋಬೇಕು" ಎನ್ನುತ್ತಿದ್ದರು. ಗಂಡಸರು ನಿವೃತ್ತಿಯಾದ ಹೊಸದರಲ್ಲಿ ಏನೇನೋ ಹೇಳುತ್ತಾರೆ, ಆಮೇಲೆ ಸೈಟು, ತೆಂಗಿನ ಸಸಿ ಅಂತ ತಣ್ಣಗಾಗುತ್ತಾರೆ ಎಂದುಕೊಂಡಿದ್ದೆ. ಇವರು ತಣ್ಣಗಾಗಲಿಲ್ಲ. ಒಂದು ಬೆಳಿಗ್ಗೆ ಹೈವೇ ಕಡೆಯಿಂದ ಲಾರಿ ಬಂದು ನಮ್ಮ ಮನೆಯ ಹಿಂದಿನ ಗೋಡೌನಿನ ಮುಂದೆ ಮರದ ಪೆಟ್ಟಿಗೆಗಳನ್ನು ಇಳಿಸಿ ಹೋಯಿತು. ಬಿಡಿಬಿಡಿಯಾಗಿ ಬರುವ ವಿಮಾನ. ಜೋಡಿಸಿಕೊಳ್ಳುವುದು ಕೊಂಡವರ ಪಾಡು.

ಗೋಡೌನು ನನ್ನ ಮಾವನವರ ಕಾಲದ್ದು. ಕಡಲೆಕಾಯಿ ತುಂಬುತ್ತಿದ್ದರು. ಎಷ್ಟು ಗುಡಿಸಿದರೂ ಗೋಡೆಯ ಸಂದಿನಿಂದ ಸಿಪ್ಪೆಯ ಪುಡಿ ಉದುರುತ್ತಲೇ ಇರುತ್ತದೆ. ಅಲ್ಲಿ ಅವರು ಪೆಟ್ಟಿಗೆ ಬಿಚ್ಚಿ, ಅಲ್ಯೂಮಿನಿಯಂ ಕೊಳವೆಗಳನ್ನೂ ತಗಡಿನ ಪಟ್ಟಿಗಳನ್ನೂ ನೆಲದ ಮೇಲೆ ಸಾಲಾಗಿ ಹರಡಿದಾಗ, ತೆಲುಗು ಬೆರೆಸಿ ಮಾತಾಡುವ ಪಾವಗಡದ ಕಡೆಯವರಾದ ನನ್ನ ಅತ್ತೆ ಬಾಗಿಲಲ್ಲಿ ನಿಂತು ಕೆನ್ನೆಯ ಮೇಲೆ ಕೈಯಿಟ್ಟರು. "ಏಮಿ ರಾ ಇದಿ, ಹಳೇ ಪಾತ್ರೆ ವ್ಯಾಪಾರ ಮಾಡ್ತೀಯೇನ್ಲಾ?" ಅಂದರು. ಇವರು ನಕ್ಕರು. ಆಗ ಅವರ ನಗುವೂ ಕೈಯೂ ಎರಡೂ ಸರಿಯಾಗಿದ್ದವು.

ಬಾಲದ ಭಾಗವನ್ನು ಅವರೊಬ್ಬರೇ ಕಟ್ಟಿದರು. ಅದನ್ನು ಈಗಲೂ ನೋಡುತ್ತೇನೆ. ತಗಡು ಬಿಗಿಯುವ ರಿವೆಟ್ಟು ಮೊಳೆಗಳು ಒಂದೇ ದಾರ ಹಿಡಿದು ಹೊಲಿದ ಹಾಗೆ ನೇರ ಕೂತಿವೆ. ನಾನು ಹೊಲಿಯುವವಳು, ನೇರ ಯಾವುದು ಓರೆ ಯಾವುದು ಎಂದು ಕಣ್ಣಿಗೆ ಗೊತ್ತಾಗುತ್ತದೆ. ಆ ಬಾಲದ ಮುಂದೆ ನನ್ನ ಹೊಲಿಗೆಯೂ ಒಂದು ಕೈ ಕಡಿಮೆಯೇ.

ರೆಕ್ಕೆಯ ಕೆಲಸಕ್ಕೆ ಕೈ ಹಾಕುವ ಹೊತ್ತಿಗೆ ಅವರ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತೋರುಬೆರಳನ್ನು ಉಜ್ಜಲು ಶುರುಮಾಡಿತು. ಬೀಡಿ ಕಟ್ಟುವವರು ಎಲೆ ಸುತ್ತುವ ಹಾಗೆ. ಟಿವಿ ನೋಡುವಾಗ, ಪೇಪರ್ ಓದುವಾಗ, ಸುಮ್ಮನೆ ಕೂತಾಗ. ನಾನು ಮೊದಲು ಗೇಲಿ ಮಾಡಿದೆ. ಆಮೇಲೆ ಹೆಬ್ಬೆರಳಿನ ಜೊತೆಗೆ ಮಣಿಕಟ್ಟು ಸೇರಿಕೊಂಡಿತು. ತುಮಕೂರಿನ ಡಾಕ್ಟರು ಅವರನ್ನು ನಡೆಸಿ ನೋಡಿದರು, ಬೆರಳು ತಟ್ಟಿಸಿ ನೋಡಿದರು, ಕಾಯಿಲೆಯ ಹೆಸರು ಹೇಳಿದರು. ಮಾತ್ರೆ ತಗೊಂಡರೆ ಒಂದಷ್ಟು ಹೊತ್ತು ನಡುಕ ನಿಲ್ಲುತ್ತದೆ, ಆದರೆ ಕಾಯಿಲೆ ನಿಲ್ಲುವುದಿಲ್ಲ, ನಿಧಾನವಾಗಿ ಮುಂದಕ್ಕೆ ಹೋಗುತ್ತದೆ ಎಂದರು. ಎಷ್ಟು ನಿಧಾನ ಎಂದು ಇವರು ಕೇಳಿದರು. ಅದು ಒಬ್ಬೊಬ್ಬರಿಗೆ ಒಂದೊಂದು ಥರ ಎಂಬ ಉತ್ತರ ಬಂತು.

ಬಸ್ಸಿನಲ್ಲಿ ವಾಪಸ್ ಬರುವಾಗ ಅವರು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಊರು ಹತ್ತಿರ ಬಂದಾಗ ಹೇಳಿದರು: "ಈ ಕೈ ಹೋಗೋದ್ರೊಳಗೆ ರೆಕ್ಕೆ ಮುಗಿಸ್ಬುಡ್ಬೇಕು. ರೆಕ್ಕೆ ಒಂದು ನನ್ ಕೈಲಿ ಆಗ್ಬುಟ್ರೆ ಮಿಕ್ಕಿದ್ದು ಯಾರ್ ಬೇಕಾದ್ರೂ ಮಾಡ್ಲಿ." ಹಾರಿಸಲು ಅವರ ಹಳೆಯ ಸ್ನೇಹಿತರೊಬ್ಬರು ಒಪ್ಪಿದ್ದರು, ಪೈಲಟ್ ಆಗಿದ್ದವರು. ಪಕ್ಕದ ಸೀಟಿನಲ್ಲಿ ಇವರು ಕೂರುವುದು. ನಾನು ಆ ಬಸ್ಸಿನಲ್ಲಿ ಹೂಂ ಅಂದೆ. ನನಗೆ ವಿಮಾನ ಬೇಕಿರಲಿಲ್ಲ. ಅವರ ಕೈ ಬೇಕಿತ್ತು. ಎರಡೂ ಒಂದೇ ಗಂಟಿನಲ್ಲಿ ಕಟ್ಟಿ ಕೊಟ್ಟಿದ್ದರಿಂದ ಎರಡನ್ನೂ ಹಿಡಿದುಕೊಂಡೆ.

ರೆಕ್ಕೆ ಎಂದರೆ ಉದ್ದಕ್ಕೆ ಎರಡು ದಪ್ಪ ಕೊಳವೆ, ಅಡ್ಡಕ್ಕೆ ಪಕ್ಕೆಲುಬಿನಂಥ ಪಟ್ಟಿಗಳು. ಪಟ್ಟಿ ಹಿಡಿದು ತೂತು ಕೊರೆಯಬೇಕು, ರಿವೆಟ್ ಹಾಕಬೇಕು. ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ ಅವರು ಹಳೆಯ ಮನುಷ್ಯರೇ. ಅದು ಇಳಿಯುತ್ತಿದ್ದಂತೆ ಡ್ರಿಲ್ ಜಾರುತ್ತಿತ್ತು, ತೂತು ಮೊಟ್ಟೆಯಾಕಾರ ಆಗುತ್ತಿತ್ತು. ಒಂದು ತೂತು ಅಂಚಿಗೆ ತೀರಾ ಹತ್ತಿರ ಬಿದ್ದರೆ ಇಡೀ ಪಟ್ಟಿಯೇ ದಂಡ. ಹಾಕಿದ ರಿವೆಟ್ಟಿನ ತಲೆ ಕೊರೆದು, ಬಡಿದು ಹೊರಗೆ ತಳ್ಳಿ, ಮತ್ತೆ ಮೊದಲಿನಿಂದ. ಒಂದು ದಿನ ರೆಕ್ಕೆಯ ಹಿಂಬದಿಗೆ ಕೂರುವ ಮಡಚುವ ಹಲಗೆಯ ಕೀಲುಗಳನ್ನು ತಲೆಕೆಳಗು ಜೋಡಿಸಿಬಿಟ್ಟರು. ಮೇಲೇಳಬೇಕಾದದ್ದು ಕೆಳಗೆ ಹೋಗುತ್ತಿತ್ತು. ಅದನ್ನು ನೋಡಿ ಗಟ್ಟಿಯಾಗಿ ನಕ್ಕರು, ನನ್ನನ್ನೂ ಕರೆದು ತೋರಿಸಿದರು. ಬಿಚ್ಚಿ ಮತ್ತೆ ಜೋಡಿಸಿದರು. ಎರಡನೆಯ ಸಲವೂ ಅದೇ ತಪ್ಪು. ಆಗ ನಗಲಿಲ್ಲ. ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು. ಅವರ ಬೆನ್ನು ಅಳುತ್ತಿತ್ತು. ನಾನು ಒಳಗೆ ಹೋಗಿ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆ ಹಚ್ಚಿದೆ.

ಆಮೇಲೆ, ಡ್ರಿಲ್ ನಾನು ಹಿಡಿಯುತ್ತೇನೆ ಎಂದೆ. "ಮುಟ್ಬೇಡ" ಎಂದರು. "ಯಾಕೆ, ನನ್ ಕೈಯೇನು ಕುಷ್ಠ ಹತ್ತಿದ್ದಾ?" ಎಂದು ಕೂಗಿದೆ. ಅವರೂ ಕೂಗಿದರು. ಅತ್ತೆ ನಡುವೆ ಬಂದು, ಇಬ್ಬರಿಗೂ ಗಾಳಿ ಸೋಕಿದೆ ಎಂದು ತೀರ್ಮಾನ ಕೊಟ್ಟು, ಮಗನ ಮಣಿಕಟ್ಟಿಗೆ ಕರಿದಾರ ಕಟ್ಟಿದರು. ಅಂತೂ ರಾಜಿಯಾದದ್ದು ಬಟ್ಟೆಯ ವಿಷಯದಲ್ಲಿ. ಚೌಕಟ್ಟು ಅವರದು, ಹೊದಿಕೆ ನನ್ನದು. ಈ ಥರದ ವಿಮಾನದ ರೆಕ್ಕೆಗೆ ತಗಡು ಹೊದಿಸುವುದಿಲ್ಲ, ಬಟ್ಟೆ ಹೊದಿಸುತ್ತಾರೆ. ಬಿಳಿಯ ತೆಳು ಪಾಲಿಯೆಸ್ಟರ್, ಮುಟ್ಟಿದರೆ ಕಾಗದದ ಹಾಗೆ ಚರಚರ ಅನ್ನುತ್ತದೆ. ಅಂಟು ಹಚ್ಚಿ ಕೂರಿಸಿ, ಆಮೇಲೆ ಬಿಗಿ ಮಾಡುವುದು. "ತಮಟೆ ಥರ ಸದ್ದು ಬರ್ಬೇಕು ಕಣೇ. ಬೆರಳಲ್ಲಿ ತಟ್ಟಿದ್ರೆ ಡಣ್ ಅನ್ಬೇಕು. ಆವಾಗ ಅದು ರೆಕ್ಕೆ" ಎಂದು ಹೇಳಿದ್ದರು. ಬಿಗಿ ಹೇಗೆ ಮಾಡುತ್ತಾರೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. "ಎರಡು ಅಗಲ ಸೇರಿಸಿ ಹೊಲಿ, ಹೊಲಿಗೆ ನೇರ ಇರ್ಲಿ" ಎಂದಷ್ಟೇ ಹೇಳಿ ಬಟ್ಟೆಯ ಸುರುಳಿಯನ್ನು ನನ್ನ ಅಂಗಡಿಯ ಮೇಜಿನ ಮೇಲಿಟ್ಟು ಹೋದರು. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ.

ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಮಸೀದಿ ಕಡೆಯಿಂದ ಬರುವ ಗಿರಾಕಿಯೊಬ್ಬಳು ಮಗಳ ಮದುವೆಯ ಬಟ್ಟೆ ಹೊಲಿಯಲು ಕೊಟ್ಟಿದ್ದಳು. ಅದನ್ನು ಪಕ್ಕಕ್ಕೆ ಸರಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಕ್ಕಾ, ನಿಮ್ ಹವಾಯಿ ಜಹಾಜ್ ಮೊದ್ಲಾ, ನಮ್ ಹುಡ್ಗಿ ನಿಖಾ ಮೊದ್ಲಾ? ಸಾಫ್ ಹೇಳ್ಬಿಡಿ" ಎಂದಳು. "ಜಹಾಜೇ ಮೊದ್ಲು" ಎಂದೆ. ಪಾಪ, ನಗುತ್ತಲೇ ಹೋದಳು.

ಆಮೇಲೆ ಆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದೆ. ಯೋಚನೆಯನ್ನೇ ಮಾಡಲಿಲ್ಲ. ಕೈಯೇ ಮಾಡಿತು. ನೆರಳಿಗೆ ಹರವಿದೆ, ಒಣಗಿತು. ಅಂಗಡಿಯ ದಪ್ಪ ಇಸ್ತ್ರಿಪೆಟ್ಟಿಗೆ ಕಾಯಿಸಿ ಉಜ್ಜಿದೆ. ಬಿಸಿ ತಾಗಿದಲ್ಲೆಲ್ಲ ಬಟ್ಟೆ ಮುದುರಿಕೊಂಡು ಒಳಕ್ಕೆ ಎಳೆದುಕೊಂಡಿತು. ಅಬ್ಬಾ, ಎಂಥ ಕಳ್ಳ ಬಟ್ಟೆ, ನೆನೆಸದೆ ಹೊಲಿದಿದ್ದರೆ ಕೆಲಸ ಕೆಡುತ್ತಿತ್ತಲ್ಲ ಎಂದುಕೊಂಡು ಇನ್ನಷ್ಟು ಬಿಸಿ ಮಾಡಿ, ಇನ್ನಷ್ಟು ಒತ್ತಿ ಉಜ್ಜಿದೆ. ಅದು ಪೂರ್ತಿ ಶರಣಾಗುವವರೆಗೆ ಬಿಡಲಿಲ್ಲ. ಅಗಲದಲ್ಲಿ ಒಳ್ಳೆಯ ಗೇಣಷ್ಟು ಕುಗ್ಗಿತು. ಪುಣ್ಯಕ್ಕೆ ಬಟ್ಟೆ ಧಾರಾಳವಾಗಿತ್ತು. ಕತ್ತರಿಸಿದೆ, ಹೊಲಿದೆ. ಹೊಲಿಗೆ ನೋಡಿ ಅವರು, "ಕೂದಲು ಎಳೆ ಥರ ಐತಲ್ಲೇ" ಎಂದರು. ಮದುವೆಯಾದಾಗಿನಿಂದ ನನ್ನ ಹೊಲಿಗೆಯನ್ನು ಅವರು ಹೊಗಳಿದ್ದು ಅದೇ ಮೊದಲು.

ಇಬ್ಬರೂ ಸೇರಿ ಎರಡೂ ರೆಕ್ಕೆಗೆ ಅಂಟಿಸಿದೆವು. ಅಂಟಿನ ವಾಸನೆಗೆ ತಲೆ ತಿರುಗುತ್ತಿತ್ತು. ಗೋಡೌನಿನ ಬಾಗಿಲು ತೆರೆದರೆ ಕಡಲೆಕಾಯಿ ಸಿಪ್ಪೆಯ ದೂಳು ಅಂಟಿನ ಮೇಲೆ ಕೂರುತ್ತದೆ, ಮುಚ್ಚಿದರೆ ಉಸಿರಿಲ್ಲ. ಅಂಟು ಗಟ್ಟಿಯಾದ ಮೇಲೆ ಅವರು ಒಂದು ಚಿಕ್ಕ ಇಸ್ತ್ರಿಪೆಟ್ಟಿಗೆ ತಂದು, ಅದರ ಬಿಸಿಯನ್ನು ಅಳೆದು, ರೆಕ್ಕೆಯ ಮೇಲೆ ನಿಧಾನವಾಗಿ ಎಳೆಯತೊಡಗಿದರು. ನಾನು ಊಟಕ್ಕಿಡಲು ಮನೆಗೆ ಹೋಗಿದ್ದೆ. ವಾಪಸ್ ಬಂದಾಗ ಅವರು ಇನ್ನೂ ಅದೇ ಜಾಗದಲ್ಲಿ ಉಜ್ಜುತ್ತಿದ್ದರು. ಬಟ್ಟೆ, ಹಗ್ಗ ಸಡಿಲವಾದ ಮಂಚದ ಹಾಗೆ ಜೋತಿತ್ತು. ಅವರು ಅದರ ಮೇಲೆ ಅಂಗೈ ಇಟ್ಟರೆ ಅಂಗೈ ಒಳಗೆ ಇಳಿಯುತ್ತಿತ್ತು, ಒಂದು ಸದ್ದೂ ಇಲ್ಲ.

ಇನ್ನೊಂದು ಇಸ್ತ್ರಿಪೆಟ್ಟಿಗೆ ತಂದರು. ಬಿಸಿ ಅಳೆಯುವ ಸಾಧನ ಕೆಟ್ಟಿರಬೇಕು ಎಂದು ಬೇರೆಯದು ತರಿಸಿದರು. ಎಡಗೈಯಲ್ಲಿ ಹಿಡಿದು ನೋಡಿದರು. ಕೊನೆಗೆ ತಪ್ಪು ತಮ್ಮದೇ ಎಂಬ ತೀರ್ಮಾನಕ್ಕೆ ಬಂದರು. "ನನ್ ಕೈ ಒಂದೇ ಸಮ ಹೋಗ್ತಿಲ್ಲ, ಅದಕ್ಕೇ ಬಿಗೀತಿಲ್ಲ" ಎಂದು ಊಟದ ತಟ್ಟೆಯ ಮುಂದೆ ಹೇಳಿದರು. ಅನ್ನ ಕಲಸಿದ ಕೈ ತಟ್ಟೆಯ ಅಂಚಿಗೆ ಬಡಿಯುತ್ತಿತ್ತು. ಅತ್ತೆ ಎದ್ದು ಹೋದರು. ನಾನು, "ಬಿಸಿ ಮಾಡಿದ್ರೆ ಯಾಕೆ ಬಿಗಿಯುತ್ತೆ?" ಎಂದು ಕೇಳಿದೆ. ಅಷ್ಟು ದಿನಕ್ಕೆ ಅದು ನನಗೆ ಹೊಳೆದ ಮೊದಲ ಪ್ರಶ್ನೆ.

"ಆ ಬಟ್ಟೆ ಬಿಸಿಗೆ ಕುಗ್ಗುತ್ತೆ ಕಣೇ. ಒಂದ್ಸಲ ಕುಗ್ಗುತ್ತೆ. ಕುಗ್ಗಿ ಚೌಕಟ್ಟನ್ನ ಹಿಡ್ಕೊಳ್ಳುತ್ತೆ. ಅದಕ್ಕೇ ಅದನ್ನ ತರ್ಸೋದು."

"ನಾನು ನೆನೆಸಿ ಇಸ್ತ್ರಿ ಮಾಡಿ ಹೊಲ್ದೆ" ಎಂದೆ.

"ಇಸ್ತ್ರಿನಾ? ಎಷ್ಟು ಬಿಸಿ?"

"ಕುಗ್ಗೋದು ನಿಲ್ಲೋವರ್ಗೂ."

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ನಿಧಾನವಾಗಿ, "ಹಂಗಾದ್ರೆ ನನ್ ಕೈ ಅಲ್ಲ" ಎಂದರು. ಅವರ ಮುಖದಲ್ಲಿ ಒಂದು ಕ್ಷಣ ಸಮಾಧಾನ ಬಂದು ಹೋಯಿತು. ನಾನು ಕಂಡೆ. ಆಮೇಲೆ ಅದೇ ಮುಖ ಬಿಳುಚಿಕೊಂಡಿತು. ಹೊಸ ಬಟ್ಟೆ ಹೊರದೇಶದಿಂದ ಬರಬೇಕು. ಬರುವವರೆಗೆ ಕಾಯಿಲೆ ಕಾಯುವುದಿಲ್ಲ. ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ನೀವು ಹೇಳ್ಬೇಕಿತ್ತು! ಹೊಲಿ ಅಂದ್ರಿ, ಹೊಲ್ದೆ. ಬಟ್ಟೆ ನೆನೆಸ್ದೆ ಯಾವಳು ಹೊಲೀತಾಳೆ? ನಿಮ್ ಇಮಾನದ ಗುಟ್ಟೆಲ್ಲ ನನಗೆ ಹೆಂಗೆ ಗೊತ್ತಾಗ್ಬೇಕು?" ಎಂದು ಕಿರುಚಿದೆ. ಕಿರುಚುತ್ತಾ ಇದ್ದ ಹಾಗೆ ನನ್ನ ಮೇಲೆ ನನಗೇ ಅಸಹ್ಯ ಬಂತು. ಅವರು ಎಂಜಲು ಕೈಯಲ್ಲೇ ಎದ್ದು ಗೋಡೌನಿಗೆ ಹೋದರು.

ಮಾರನೆಯ ಬೆಳಿಗ್ಗೆ ನಾನು ತವರಿಗೆ ಹೋಗುತ್ತೇನೆಂದು ಬಸ್ಸು ಹತ್ತಿದೆ. ತವರು ಹೊಳವನಹಳ್ಳಿ. ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿದೆ. ಬೆಟ್ಟದ ಬಂಡೆ ಬಿಸಿಲಿಗೆ ಕಾದು ನಿಂತಿತ್ತು, ಅದನ್ನು ನೋಡಿದರೂ ಇಸ್ತ್ರಿಪೆಟ್ಟಿಗೆಯೇ ನೆನಪಾಯಿತು. ಕೊರಟಗೆರೆ ದಾಟಿ ಹೊಳವನಹಳ್ಳಿಯಲ್ಲಿ ಇಳಿದು ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತೆ. ಅಣ್ಣನ ಮನೆಗೆ ಅಲ್ಲಿಂದ ನಾಲ್ಕು ಹೆಜ್ಜೆ. ಹೋಗಿ ಏನು ಹೇಳುವುದು? ಬಟ್ಟೆ ನೆನೆಸಿದೆ ಎಂದು ಹೇಳಿದರೆ, "ಅಷ್ಟೇನಾ?" ಎನ್ನುತ್ತಾರೆ. ಬೇರೆ ಬಟ್ಟೆ ತಗೊಂಡರಾಯಿತು ಬುಡು ಎನ್ನುತ್ತಾರೆ. ಒಂದು ಕಾಫಿ ಕೊಡುತ್ತಾರೆ. ಆ ಕಾಫಿ ಕುಡಿದು ಆ "ಅಷ್ಟೇನಾ" ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ಪರಿಚಯದ ಹೆಂಗಸೊಬ್ಬರು ಸೊಪ್ಪಿನ ಬುಟ್ಟಿ ಇಳಿಸಿ, "ಯಾವಾಗ್ ಬಂದೆ ಕಣಮ್ಮ? ಮನೇಗ್ ಹೋಗಲ್ವಾ?" ಎಂದರು. "ಹೋಗಿ ಬಂದೆ ಚಿಕ್ಕಮ್ಮ" ಎಂದು ಸುಳ್ಳು ಹೇಳಿ, ಬಂದ ದಾರಿಯಲ್ಲೇ ವಾಪಸ್ ಹೊರಟೆ.

ಬಂದಾಗ ಅವರು ರೆಕ್ಕೆಯ ಮುಂದೆ ಕೂತು ಥಿನ್ನರ್ ಹಾಕಿ ಅಂಟು ಬಿಡಿಸುತ್ತಿದ್ದರು. ಚೂರು ಬಟ್ಟೆಯಲ್ಲಿ ಅದನ್ನು ಹಚ್ಚಿ, ಒರೆಸಿ, ಎಳೆದು. ನಾನು ಬ್ಯಾಗನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿ, ಆ ಕಡೆಯ ತುದಿಯಿಂದ ಶುರುಮಾಡಿದೆ. ಹೊಲಿಗೆ ಬಿಚ್ಚುವುದು ನನಗೆ ಹೊಸದಲ್ಲ, ನಾನು ಬಿಚ್ಚಿದಷ್ಟು ಹೊಲಿದೂ ಇಲ್ಲ. ಆದರೆ ನಾನು ಹೊಲಿದ ಆ ಕೂದಲೆಳೆಯಂಥ ಹೊಲಿಗೆಯನ್ನು ಬ್ಲೇಡಿನಿಂದ ಸೀಳುವಾಗ ನನ್ನದೇ ಚರ್ಮ ಸೀಳಿದ ಹಾಗಾಯಿತು. ಬಟ್ಟೆ ಕಳಚಿದ ಮೇಲೆ ಒಳಗಿನ ಚೌಕಟ್ಟು ಮತ್ತೆ ಬಯಲಾಯಿತು. ಓರೆಯಾದ ರಿವೆಟ್ಟುಗಳು, ಮೊಟ್ಟೆಯಾಕಾರದ ತೂತುಗಳು. ಮುಚ್ಚುವ ಆತುರದಲ್ಲಿ ಬಿಟ್ಟುಬಿಟ್ಟಿದ್ದವು ಒಂದೆರಡಲ್ಲ. ಅವರು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದರು. "ಒಳ್ಳೇದೇ ಆಯ್ತು" ಎಂದರು. ಒಳ್ಳೆಯದೇನೂ ಆಗಿರಲಿಲ್ಲ. ಡ್ರಿಲ್ಲನ್ನು ನನ್ನ ಕೈಗೆ ಕೊಟ್ಟರು. ಈ ಸಲ "ಮುಟ್ಬೇಡ" ಎನ್ನಲಿಲ್ಲ.

ಆ ಕಾಯುವ ತಿಂಗಳುಗಳು ಹೇಗೆ ಕಳೆದವು ಎಂದು ಬರೆಯಲು ಕೂತರೆ ಪೆನ್ನು ಹೋಗುವುದಿಲ್ಲ. ಕಾಯಿಲೆ ನಿಧಾನ ಎಂದಿದ್ದ ಡಾಕ್ಟರಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಅವರಿಗೆ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಒಂದು ಗುಂಡಿಯ ಜೊತೆ ಜಗಳವಾಡಿ, ಸೋತು, ಬನಿಯನ್ನಿನಲ್ಲೇ ಗೋಡೌನಿಗೆ ಹೋಗುತ್ತಿದ್ದರು. ನಾನು ಅವರ ಅಂಗಿಗಳನ್ನೆಲ್ಲ ತೆಗೆದುಕೊಂಡು, ಗುಂಡಿಗಳನ್ನು ಮೇಲೆ ಹಾಗೇ ಹೊಲಿದು, ಕೆಳಗೆ ವೆಲ್ಕ್ರೋ ಪಟ್ಟಿ ಹಾಕಿದೆ. ಹೊರಗಿನಿಂದ ನೋಡಿದವರಿಗೆ ಗುಂಡಿಯೇ. ಅವರು ಮೊದಲ ಸಲ ಹಾಕಿಕೊಂಡು ಎದೆಯ ಮೇಲೆ ಒತ್ತಿಕೊಂಡಾಗ ಅದು ಚರ್ ಎಂದು ಕೂತಿತು. ಆ ದಿನ ಅಂಗಿ ಹಾಕಿಕೊಂಡೇ ಹೋದರು.

ನಾನು ಹೊಲಿಗೆ ಮಾಡುವಾಗಲೂ ಅವರ ಕೈಯನ್ನೇ ಯೋಚಿಸುತ್ತಿದ್ದೆ. ಮೆಷಿನ್ ಪೆಡಲ್ ತುಳಿಯುವಾಗ ಸೂಜಿ ಗಡಗಡ ಅಂದರೆ ಬೆಚ್ಚುತ್ತಿದ್ದೆ. ಮದುವೆಯ ಬಟ್ಟೆಯವಳು ಬಂದು ಕೂತು, ಗೇಲಿ ಬಿಟ್ಟು, "ಅಕ್ಕಾ, ದುವಾ ಮಾಡ್ತೀನಿ" ಎಂದಳು. ಆ ಒಂದು ಮಾತಿಗೆ ನಾನು ಅವಳ ಮಗಳ ದುಪಟ್ಟಾದಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಬಟ್ಟೆ ಬಂತು. ಬಿಚ್ಚುವ ಮೊದಲು ಬಚ್ಚಲಿನ ಬಕೆಟ್ಟನ್ನು ಕವುಚಿ ಹಾಕಿದೆ. ಅತ್ತೆಗೆ ನಗು ಬಂತು, ನನಗೂ ಬಂತು, ಬಹಳ ದಿನದ ಮೇಲೆ. ಒಣ ಕೈಯಲ್ಲಿ ಹೊಲಿದೆ. ಸಡಿಲ ಹೊಲಿದೆ. ಇಷ್ಟು ವರ್ಷ ಮೈಗೆ ಸರಿಯಾಗಿ ಕೂರುವ ಹಾಗೆ ಹೊಲಿದ ಕೈಗೆ ಸಡಿಲ ಹೊಲಿಯುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಅಂಟನ್ನೂ ನಾನೇ ಹಚ್ಚಿದೆ. ಅವರು ಕುರ್ಚಿಯಲ್ಲಿ ಕೂತು ಕಣ್ಣಲ್ಲೇ ಅಳೆದು, "ಅಲ್ಲಿ ಇನ್ನೊಂಚೂರು ಎಳಿ, ಸಾಕು, ಅಂಗೇ ಇರ್ಲಿ" ಎಂದು ಹೇಳುತ್ತಿದ್ದರು. ಅವರ ಕಣ್ಣು ಒಂದಿಷ್ಟೂ ಕೆಟ್ಟಿರಲಿಲ್ಲ.

ಇಸ್ತ್ರಿ ಮಾತ್ರ ತಮ್ಮದು ಎಂದರು. "ಬಿಗಿ ನಾನೇ ಮಾಡ್ಬೇಕು. ಇದೊಂದು ಬುಡು ನಂಗೆ." ಮಾತ್ರೆ ನುಂಗಿ, ಅದು ಹಿಡಿಯುವವರೆಗೆ ಕಾದು, ಎದ್ದರು. ಮೊದಲ ರೆಕ್ಕೆಯ ಬುಡದಿಂದ ಶುರುಮಾಡಿದರು. ಇಸ್ತ್ರಿಪೆಟ್ಟಿಗೆ ಹೋದ ದಾರಿಯಲ್ಲೆಲ್ಲ ಸುಕ್ಕು ಮಾಯವಾಗಿ ಬಟ್ಟೆ ಚೌಕಟ್ಟಿಗೆ ಎಳೆದುಕೊಂಡು ಕೂರುತ್ತಿತ್ತು. ಅವರ ಮುಖ ಬೆಳಗಿತ್ತು. ಮೂರನೆಯ ಪಟ್ಟಿ ದಾಟಿದ ಮೇಲೆ ಅವರು ನಿಂತರು. ಸುಸ್ತಾಯಿತೇನೋ ಎಂದುಕೊಂಡೆ. ಆದರೆ ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಇತ್ತು. ಕೈ ಅದನ್ನು ಹಿಡಿದು ಹಾಗೇ ಕಲ್ಲಾಗಿತ್ತು, ನಡುಕವೂ ಇಲ್ಲ. ಈ ಕಾಯಿಲೆಯಲ್ಲಿ ಹೀಗೂ ಆಗುತ್ತದಂತೆ. ಮೈ ಇದ್ದಕ್ಕಿದ್ದಂತೆ ಯಜಮಾನನ ಮಾತು ಕೇಳುವುದನ್ನು ನಿಲ್ಲಿಸುತ್ತದೆ.

"ಎತ್ತೇ" ಎಂದರು. "ಎತ್ತೇ ಅದನ್ನ!"

ಓಡಿ ಅವರ ಕೈಯನ್ನೇ ಹಿಡಿದು ಎಳೆದೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಟ್ಟೆಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟು ತೂತು ಬಿದ್ದಿತ್ತು. ಅಂಚು ಕರಗಿ ಕಂದು ಬಣ್ಣಕ್ಕೆ ಸುರುಟಿಕೊಂಡಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಗೋಡೌನೆಲ್ಲ ತುಂಬಿತು.

ಆಗ ನನಗೆ ಏನನಿಸಿತು ಎಂದು ನೇರವಾಗಿ ಹೇಳಿಬಿಡುತ್ತೇನೆ. ಆ ಇಸ್ತ್ರಿಪೆಟ್ಟಿಗೆಯನ್ನು ಎರಡೂ ರೆಕ್ಕೆಯ ಮೇಲೆ ಉದ್ದಕ್ಕೂ ಎಳೆದು, ಎಲ್ಲ ಸುಟ್ಟು, ಮುಗಿಸಿಬಿಡೋಣ ಅನಿಸಿತು. ಇನ್ನು ಆಸೆಯೇ ಇಲ್ಲದಿದ್ದರೆ ಕಾಯುವುದೂ ಇರುವುದಿಲ್ಲವಲ್ಲ. ಅವರು ಕುರ್ಚಿಗೆ ಬಿದ್ದ ಹಾಗೆ ಕೂತಿದ್ದರು. "ತೇಪೆ ಹಾಕ್ಬೋದು" ಎಂದರು. ಎಷ್ಟು ಸಣ್ಣ ದನಿ. "ಹಾಕ್ಬೋದಂತೆ. ಅಂಚು ಹಲ್ಲುಹಲ್ಲಾಗಿ ಕತ್ತರಿಸ್ಬೇಕು."

ಹಲ್ಲುಹಲ್ಲಾಗಿ ಕತ್ತರಿಸುವ ಕತ್ತರಿ ನನ್ನ ಅಂಗಡಿಯಲ್ಲಿದೆ. ಬಟ್ಟೆಯ ಅಂಚಿನ ನೂಲು ಬಿಡದಿರಲೆಂದು ನಾವು ಬಳಸುವುದೇ ಅದನ್ನು. ತಂದೆ. ದುಂಡಗೆ ತೇಪೆ ಕತ್ತರಿಸಿ, ಅಂಟು ಹಚ್ಚಿ, ಬೆರಳಿನಿಂದ ಒತ್ತಿ ಕೂರಿಸಿದೆ. ತೇಪೆ ಒಣಗಿದ ದಿನ ಅವರು ಇಸ್ತ್ರಿಪೆಟ್ಟಿಗೆಯನ್ನು ಎಡಗೈಯಿಂದ ನನ್ನ ಕಡೆ ತಳ್ಳಿದರು. "ನೀನೇ ಮಾಡು" ಎಂದರು. ಇಷ್ಟೇ. ಈ ಕೈ ಹೋಗುವುದರೊಳಗೆ ಎಂದು ಬಸ್ಸಿನಲ್ಲಿ ಹೇಳಿದ್ದ ಮಾತು ಅಲ್ಲಿಗೆ ಮುಗಿಯಿತು. ನಾನು ಇಲ್ಲ ಎನ್ನಬೇಕಿತ್ತೇನೋ. ಧೈರ್ಯದ ಮಾತು ಹೇಳಬೇಕಿತ್ತೇನೋ. ವೈರ್ ಸಿಕ್ಕಿಸಿದೆ.

ಬೆಳಿಗ್ಗೆ ಶುರುಮಾಡಿದವಳು ಮಧ್ಯಾಹ್ನದ ಬಿಸಿಲಿಗೆ ಗೋಡೌನಿನ ಚಾವಣಿಯ ತಗಡು ಕಾಯುವವರೆಗೆ ಉಜ್ಜಿದೆ. ಬೆವರು ಬಟ್ಟೆಯ ಮೇಲೆ ಬೀಳಬಾರದೆಂದು ಹಣೆಗೆ ಟವೆಲ್ ಕಟ್ಟಿಕೊಂಡಿದ್ದೆ. ಅವರು ಕುರ್ಚಿಯನ್ನು ನನ್ನ ಜೊತೆಜೊತೆಗೇ ಸರಿಸಿಕೊಂಡು ಬಂದರು. "ಬಿಸಿ ಕಮ್ಮಿ ಮಾಡು. ಹಾಂ. ಈಗ ಹೋಗು." ನನ್ನ ಕಡೆ ನೋಡಲಿಲ್ಲ, ಬಟ್ಟೆಯನ್ನೇ ನೋಡುತ್ತಿದ್ದರು. ತುದಿ ಮುಟ್ಟಿದಾಗ ಹಿಂದೆ ಸರಿದು ನಿಂತೆ. ರೆಕ್ಕೆ ನನ್ನ ಕಣ್ಣಿಗೂ ರೆಕ್ಕೆಯ ಹಾಗೆ ಕಂಡಿತು. ಎಲ್ಲೂ ಒಂದು ಸುಕ್ಕಿಲ್ಲ. ಬುಡದ ಹತ್ತಿರ ತೇಪೆ ಮಾತ್ರ.

ಅವರು ಎದ್ದು ಬಂದರು. ಮಾತ್ರೆಯ ಹೊತ್ತು ಎಂದೋ ಮೀರಿತ್ತು, ಇಬ್ಬರಿಗೂ ನೆನಪಿರಲಿಲ್ಲ. ಬೆರಳಿನಿಂದ ತಟ್ಟಿ ನೋಡಲು ಬಲಗೈ ಎತ್ತಿದರು, ತಟ್ಟಲು ಆಗಲಿಲ್ಲ, ಅಂಗೈಯನ್ನೇ ಅದರ ಮೇಲೆ ಇಟ್ಟರು. ಆಗ ಸದ್ದು ಬಂತು. ಡಗಡಗ ಡಗಡಗ ಡಗಡಗ. ಬಿಗಿದ ಬಟ್ಟೆ ಅವರ ನಡುಕವನ್ನೆಲ್ಲ ಹಿಡಿದು ಗೋಡೌನಿನ ಗೋಡೆಗೆ ಬಡಿಯುತ್ತಿತ್ತು. ತೊಡೆಯ ಕೆಳಗೆ, ಜೇಬಿನೊಳಗೆ, ಹೊದಿಕೆಯೊಳಗೆ ಇಷ್ಟು ದಿನ ಸದ್ದಿಲ್ಲದೆ ಇದ್ದ ನಡುಕ ಇಷ್ಟೊಂದು ಇತ್ತೇ! ಕೈ ತೆಗೆಯಿರಿ ಎನ್ನಲು ಬಾಯಿ ತೆರೆದೆ.

ಮನೆಯ ಹಿತ್ತಲಿನಿಂದ ಅತ್ತೆಯ ದನಿ ಬಂತು. "ಎವುರ್ರಾ ಅದಿ, ತಮಟೆ ಬಡೀತಾ ಇರೋದು?"

"ನಾನೇ ಕಣಮ್ಮ" ಎಂದರು.

ಕೈ ತೆಗೆಯಲಿಲ್ಲ. ನಾನು ಇಸ್ತ್ರಿಪೆಟ್ಟಿಗೆಯ ವೈರ್ ಕಿತ್ತು, ಅದು ಆರುವವರೆಗೂ ಅವರ ಪಕ್ಕದಲ್ಲೇ ನಿಂತಿದ್ದೆ.